ವಿಜ್ಞಾನ ಕಥಾಸರಣಿ: ಕಥೆ ಮೂವತ್ತು ವರ್ಷ ಮುಂದೆ ನಡೆದರೆ ಸಾಕೇ, ಸಾವಿರ ವರ್ಷ ಮುಂದೆ ಹೋಗಬೇಕೇ?

ಪರ: ನಮ್ಮ ಮಕ್ಕಳು ಕಾಣುವ ಕಾಲ ಸಾಕು

ಉಳ್ಳಾಲದಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ಉಡುಪಿಯಿಂದ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಅಂಗಳ ದಾಟಿದರೆ ಎರಡು ಸಾಲು ತೆಂಗಿನ ಮರ, ಆಮೇಲೆ ಹೊಯ್ಗೆ, ಆಮೇಲೆ ಕಡಲು. ಒಂದು ಮಳೆಗಾಲದ ಕಡಲ್ಕೊರೆತಕ್ಕೆ ಮುಂದಿನ ಸಾಲು ಹೋಯಿತು. ಹಿಂದಿನ ಸಾಲಿನ ಬುಡದಲ್ಲಿ ಹೊಯ್ಗೆ ಜಾರಿ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಲಾರಿಗಟ್ಟಲೆ ಕಲ್ಲು ತಂದು ಹಾಕಿದರು. ಕಲ್ಲೂ ಇಳಿಯಿತು. ಚಿಕ್ಕಮ್ಮ ಈಗ ತೊಕ್ಕೊಟ್ಟಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ.

ನನಗೆ ಬೇಕಾದ ಕಥೆ ಆ ಅಂಗಳದಿಂದಲೇ ಶುರುವಾಗುತ್ತದೆ. ಇನ್ನು ಮೂವತ್ತು ವರ್ಷಕ್ಕೆ ಕಡಲು ಎಲ್ಲಿ ನಿಂತಿರುತ್ತದೆ? ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ತಳ ಕಂಡರೆ ಮಂಗಳೂರಿನವರು ಏನು ಕುಡಿಯುತ್ತಾರೆ? ಮಲ್ಪೆಯ ಬೋಟಿನವರಿಗೆ ಬಂಗುಡೆ ಸಿಗುತ್ತದಾ? ಇದನ್ನು ಹತ್ತು ಕಂತು ಬರೆಯಿರಿ, ಒಂದನ್ನೂ ಬಿಡದೆ ಓದುತ್ತೇನೆ.

ಉಡುಪಿಯಲ್ಲಿ ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ. ಒಂದು ಸುತ್ತಿಗೆ 16 ವರ್ಷ. 32 ವರ್ಷ ಎಂದರೆ ಬರೀ ಎರಡು ಸುತ್ತು. ಆಗ ಯಾವ ಮಠದ ಸರದಿ ಎಂದು ಇಲ್ಲಿನ ಹಿರಿಯರು ಬೆರಳು ಮಡಚಿ ಹೇಳುತ್ತಾರೆ. ಆ ದಿನ ರಥಬೀದಿಯಲ್ಲಿ ನಾನು ಇರ್ತೇನೋ ಇಲ್ಲವೋ, ನನ್ನ ಮಗಳು ಇರುತ್ತಾಳೆ. ಅವಳು ನಿಲ್ಲುವ ಊರಿನ ಕಥೆ ನನಗೆ ಬೇಕು. ಸಾವಿರ ವರ್ಷದ ಆಚೆ ನಮ್ಮವರು ಯಾರಿದ್ದಾರೆ?

ಅಷ್ಟು ದೂರದ ಕಥೆ ಬರೆದವರನ್ನು ಪ್ರಶ್ನೆ ಮಾಡುವವರೇ ಇಲ್ಲ. ನೌಕೆ ಯಾವುದರಿಂದ ಓಡುತ್ತದೆ ಎಂದರೆ ಸುಮ್ನೆ ಒಂದು ಹೊಸ ಹೆಸರು ಇಟ್ಟು ಮುಗಿಸುತ್ತಾರೆ. ಹತ್ತಿರದ ತಾರೀಕಿನ ಕಥೆ ಹೇಳಿದ್ದು ತಪ್ಪುತ್ತದೆ ಅಂತಾರೆ. ತಪ್ಪಲಿ. ಚಿಕ್ಕಮ್ಮನ ಮನೆಯ ವಿಷಯದಲ್ಲಿ ತಪ್ಪಿದ್ದರೆ ನನಗೆ ಖುಷಿಯೇ ಆಗುತ್ತಿತ್ತು.

ವಿರೋಧ: ಮೂವತ್ತು ವರ್ಷ ಸಾಲದು

ಈ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದರು. ನಾನು ಪೂರ್ತಿ ಈ ಕಡೆಯವಳಲ್ಲ. ಆದರೂ ಹತ್ತಿರದ ತಾರೀಕು ಕಥೆಯನ್ನು ಬೇಗ ಹಳತು ಮಾಡುತ್ತದೆ ಎಂಬುದು ನಿಜ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಪ್ಯಾನ್ ಆ್ಯಮ್ ಎಂಬ ವಿಮಾನ ಕಂಪನಿಯ ನೌಕೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುತ್ತದೆ. ಆ ಕಂಪನಿ 1991ರಲ್ಲೇ ಮುಚ್ಚಿತು. ಒಂದು ಸಿನಿಮಾ ಇದನ್ನು ತಾಳಿಕೊಂಡೀತು. ವರ್ಷಗಟ್ಟಲೆ ನಡೆಯುವ ಸರಣಿ?

ನಕ್ಷತ್ರದ ಕಥೆಯಂತೂ ಮೂವತ್ತು ವರ್ಷದಲ್ಲಿ ಹಿಡಿಸುವುದೇ ಇಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ್ದು ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ದೂರ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರಕ್ಕೆ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ಬರೀ ನೀರು, ಮೀನಿನ ವಿಷಯವೇ ಆದರೆ ಪೇಪರ್ ಓದಿದರೆ ಸಾಕಲ್ವಾ?

ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಆ ಕಂಬದಂಥ ಕಲ್ಲುಗಳ ಮೇಲೆ ಕೈಯಿಟ್ಟಿದ್ದೇನೆ. ಬಿಸಿಲಿಗೆ ಕಾದಿದ್ದವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ ಅದು, ಸುಮಾರು 8.8 ಕೋಟಿ ವರ್ಷ ಹಳೆಯದು. ಅವತ್ತಿನಿಂದ ಸಾವಿರ ವರ್ಷ ನನಗೆ ದೂರ ಅನಿಸಿಲ್ಲ.