ಯಾವ ಐಡಿ?

ಸ್ಟೋರ್ಡ್ ಫಂಕ್ಷನ್ (ಡೇಟಾಬೇಸ್‌ನೊಳಗೇ ಉಳಿಸಿಡುವ ಪುಟ್ಟ ಪ್ರೋಗ್ರಾಂ) ಬರೆಯುವಾಗ ಹೆಸರಿಡುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಟೇಬಲ್‌ನಲ್ಲಿ ಐಡಿ ಅಂತ ಕಾಲಂ ಇದೆ. ಪ್ಯಾರಾಮೀಟರ್ ಆಗಿ, ಅಂದರೆ ಫಂಕ್ಷನ್ ಕರೆಯುವವರು ಕೊಡುವ ವ್ಯಾಲ್ಯೂ ಆಗಿ, ಬರುವುದೂ ಅದೇ ತಾನೇ? ಅದಕ್ಕೂ ಐಡಿ ಅಂತಲೇ ಇಟ್ಟರಾಯಿತು. ಆಮೇಲೆ ಒಂದು ಡಿಲೀಟ್, ಯಾವ ಸಾಲು ಅಳಿಸಬೇಕು ಅಂತ ಹೇಳಲು ಅದರ ಬಾಲಕ್ಕೆ ‘ವೇರ್ ಐಡಿ = ಐಡಿ’. ಓದಲು ಎಷ್ಟು ಸಲೀಸು ಅಲ್ವಾ!

ಬರೆದವರ ಲೆಕ್ಕದಲ್ಲಿ ಎಡಗಡೆಯದು ಕಾಲಂ, ಬಲಗಡೆಯದು ಪ್ಯಾರಾಮೀಟರ್. ಒರೇಕಲ್ ಡೇಟಾಬೇಸ್‌ನ ಲೆಕ್ಕದಲ್ಲಿ ಎರಡೂ ಕಾಲಂ. ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ವಾಕ್ಯದೊಳಗೆ ಅದು ಮಣೆ ಹಾಕುವುದು ಕಾಲಂ ಹೆಸರಿಗೇ. ಪ್ರತಿ ಸಾಲಿನ ಐಡಿಯೂ ತನಗೆ ತಾನೇ ಸಮ, ಹಾಗಾಗಿ ಒಂದು ಸಾಲು ಅಳಿಸಲು ಹೋದರೆ ಟೇಬಲ್ಲೇ ಖಾಲಿ. ಐಡಿ ನಲ್ ಆಗಿರುವ, ಅಂದರೆ ವ್ಯಾಲ್ಯೂ ಇಲ್ಲದ, ಸಾಲುಗಳಿದ್ದರೆ ಅವಷ್ಟೇ ಬಚಾವು. ನಲ್ ತನಗೆ ತಾನೂ ಸಮನಲ್ಲವಲ್ಲ!

ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್ ಉಲ್ಟಾ. ಎರಡನ್ನೂ ಪ್ಯಾರಾಮೀಟರ್ ಅಂದುಕೊಳ್ಳುತ್ತದೆ. 5 ಅಂತ ಕಳಿಸಿದರೆ, 5 = 5 ಎಲ್ಲ ಸಾಲಿಗೂ ನಿಜವೇ, ಆದ್ದರಿಂದ ಅಲ್ಲೂ ಟೇಬಲ್ ಖಾಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಫಂಕ್ಷನ್ ಬರೆಯುವ ಭಾಷೆ ಪಿಎಲ್‌ಪಿಜಿಎಸ್‌ಕ್ಯೂಎಲ್ ಕೂಡ ಮೊದಲು ಹೀಗೇ ಇತ್ತು. 2010ರಲ್ಲಿ ಬಂದ 9.0 ಆವೃತ್ತಿಯಿಂದ, ಯಾವ ಐಡಿ ಅಂತ ಗೊತ್ತಾಗಲಿಲ್ಲ ಎಂದು ಎರರ್ ಕೊಟ್ಟು ನಿಂತುಬಿಡುತ್ತದೆ. ನನಗೆ ಹಿಡಿಸಿದ್ದು ಈ ಹಟಮಾರಿತನವೇ. ಎಸ್‌ಕ್ಯೂಎಲ್ ಸರ್ವರ್‌ನವರಿಗೆ ಈ ತಲೆನೋವಿಲ್ಲ, ಅಲ್ಲಿ ವೇರಿಯಬಲ್ ಹೆಸರಿನ ಶುರುವಿಗೇ ‘ಅಟ್’ (@) ಚಿಹ್ನೆ ಕಡ್ಡಾಯ.

ಉಳಿದವರು ಪ್ಯಾರಾಮೀಟರ್‌ಗೆ ‘ಪಿ_’, ಒಳಗಿನ ವೇರಿಯಬಲ್‌ಗೆ ‘ವಿ_’ ಅಂತ ಇನಿಷಿಯಲ್ ಹಚ್ಚುತ್ತಾರೆ. ಚೆನ್ನಾಗಿ ಕಾಣುವುದಿಲ್ಲ ಎಂದು ಮೂಗು ಮುರಿಯುವವರು ಒರೇಕಲ್, ಪೋಸ್ಟ್‌ಗ್ರೆಸ್‌ನಲ್ಲಾದರೆ ಫಂಕ್ಷನ್ ಹೆಸರು, ಚುಕ್ಕಿ, ಪ್ಯಾರಾಮೀಟರ್ ಹೆಸರು ಅಂತ ಪೂರ್ತಿ ಬರೆಯಬಹುದು. ನಾನು ಸೋಮಾರಿ, ನನಗೆ ಪಿ ಸಾಕು.

ಆದರೆ ಪಿ ಹಚ್ಚಿದ್ದಷ್ಟಕ್ಕೇ ಅರ್ಥ ಬಂದುಬಿಡುವುದಿಲ್ಲ. ‘ಪಿ_ಅವಧಿ’ ಅಂದರೆ ದಿನವೋ, ತಿಂಗಳೋ? ‘ಪಿ_ಫ್ಲ್ಯಾಗ್’ ಟ್ರೂ ಆದರೆ ಏನಾಗುತ್ತದೆ? ಒಳಗಿನ ವೇರಿಯಬಲ್ ಹೆಸರು ಸುಮಾರಾಗಿದ್ದರೂ ನಡೆಯುತ್ತದೆ. ನಾಳೆ ಬದಲಾಯಿಸಿದರೆ ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಲೂಪ್ ಎಣಿಸಲು ಬರೀ ‘ಐ’ ಇದ್ದರೆ ನನ್ನದೇನೂ ತಕರಾರಿಲ್ಲ. ಪ್ಯಾರಾಮೀಟರ್ ಹಾಗಲ್ಲ. ಒರೇಕಲ್, ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಕರೆಯುವವರು ಅದರ ಹೆಸರು ಹಿಡಿದೇ ವ್ಯಾಲ್ಯೂ ಕಳಿಸಬಹುದು. ಹಾಗೆ ಕಳಿಸಿದ ಕಡೆಯಲ್ಲೆಲ್ಲ ಆ ಹೆಸರು ಬೇರುಬಿಡುತ್ತದೆ. ಪೋಸ್ಟ್‌ಗ್ರೆಸ್ ಅಂತೂ, ಇದ್ದ ಫಂಕ್ಷನ್ನನ್ನೇ ತಿದ್ದಿ ಬರೆಯುವ ‘ಕ್ರಿಯೇಟ್ ಆರ್ ರಿಪ್ಲೇಸ್’ನಲ್ಲಿ ಇನ್‌ಪುಟ್ ಪ್ಯಾರಾಮೀಟರ್ ಹೆಸರು ಬದಲಿಸಲು ಬಿಡುವುದೇ ಇಲ್ಲ. ಫಂಕ್ಷನ್ ಡ್ರಾಪ್ ಮಾಡಿ, ಅಂದರೆ ಅಳಿಸಿ, ಮತ್ತೆ ಬರೆಯಿರಿ ಅನ್ನುತ್ತದೆ. ಯಾವುದಾದರೂ ವ್ಯೂ (ಹೆಸರಿಟ್ಟು ಉಳಿಸಿಟ್ಟ ಕ್ವೆರಿ) ಆ ಫಂಕ್ಷನ್ನನ್ನು ನೆಚ್ಚಿಕೊಂಡಿದ್ದರೆ ಡ್ರಾಪ್ ಕೂಡ ಸುಮ್ನೆ ಆಗುವುದಿಲ್ಲ. ಇಷ್ಟೆಲ್ಲ ರಗಳೆ ಯಾರಿಗೆ ಬೇಕು? ‘ಪಿ_ಫ್ಲ್ಯಾಗ್’ ಹಾಗೇ ಇರುತ್ತದೆ, ಮುಂದಿನ ಸಲ ಬಂದವರು ಅದರ ಪಕ್ಕ ‘ಪಿ_ಫ್ಲ್ಯಾಗ್2’ ಸೇರಿಸಿ ಹೋಗುತ್ತಾರೆ.