ಒಂದು ಕೀ ಒತ್ತಿಟ್ಟು ಎದ್ದು ಹೋಗುವವರ ಬಗ್ಗೆ

ಈಗಷ್ಟೇ ಹೊಸಬರ ಕಿರುಚಿತ್ರವೊಂದನ್ನು ನೋಡಿ ಮುಗಿಸಿದೆ. ಹೆಸರು ಬೇಡ. ಕ್ಯಾಮೆರಾ ಚೆನ್ನಾಗಿದೆ, ನಟನೆಯಂತೂ ತುಂಬಾ ಚೆನ್ನಾಗಿದೆ. ಆದರೆ ಮಗಳು ಬಾಗಿಲು ತೆರೆದು ಅಪ್ಪನ ಖಾಲಿ ಕೋಣೆ ನೋಡುವ ದೃಶ್ಯದ ಉದ್ದಕ್ಕೂ ಒಂದೇ ಪ್ಯಾಡ್ (ಕೀಬೋರ್ಡಿನ ಕೀ ಒತ್ತಿಟ್ಟಷ್ಟು ಹೊತ್ತೂ ಎಳೆದಂತೆ ಕೇಳುತ್ತಿರುವ ಹಿನ್ನೆಲೆ ಸದ್ದು) ಗುಂಯ್‌ಗುಡುತ್ತಿದೆ. ಬಾಗಿಲು ತೆರೆಯುವ ಮುಂಚೆ ಹೇಗಿತ್ತೋ ತೆರೆದ ಮೇಲೂ ಹಾಗೇ. ಹತ್ತು-ಹನ್ನೆರಡು ಸೆಕೆಂಡಿಗೊಮ್ಮೆ ಅದೇ ಉಸಿರಿನಂಥ ಸದ್ದು ಮೇಲೇಳುತ್ತದೆ, ಸದ್ದಿನ ತುಣುಕು ಮುಗಿದು ಮತ್ತೆ ಮೊದಲಿಗೆ ಹೋಗುವ ಕಡೆ, ಅಂದರೆ ಲೂಪ್ ಕೂಡುವ ಕಡೆ, ಸಣ್ಣಗೆ ಎಡವುತ್ತದೆ. ಅದು ಒಮ್ಮೆ ಕಿವಿಗೆ ಬಿತ್ತೋ, ಮುಗೀತು. ಆ ಹುಡುಗಿಯ ಮುಖ ನೋಡುವುದು ಬಿಟ್ಟು ಅದು ಮತ್ತೆ ಎಲ್ಲಿ ಎಡವುತ್ತದೆ ಅಂತ ಕಾಯುತ್ತಾ ಕೂತೆ. ಅಷ್ಟು ಒಳ್ಳೆಯ ದೃಶ್ಯ ಹಾಳಾಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಇಂಥ ಸದ್ದು ಹುಟ್ಟಿಸುವ ಸ್ಯಾಂಪಲ್ ವಾದ್ಯಗಳನ್ನು, ಅಂದರೆ ರೆಕಾರ್ಡ್ ಮಾಡಿಟ್ಟ ಸದ್ದುಗಳನ್ನು ಕೀಬೋರ್ಡಿನಿಂದ ನುಡಿಸುವ ವಾದ್ಯಗಳನ್ನು, ನಾನು ಎಷ್ಟು ಪ್ರೀತಿಸುತ್ತೇನೆ ಎನ್ನುವುದು ನಿಮಗೆಲ್ಲ ಗೊತ್ತೇ ಇದೆ. ಲೋಹದ ತಗಡಿನ ಅಂಚಿಗೆ ಕಮಾನು ಎಳೆದದ್ದು, ದೊಡ್ಡ ಪಿಟೀಲಿನಂಥ ಚೆಲ್ಲೋದ ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ) ಒತ್ತಿ ನುಡಿಸಿದ್ದು, ಗಾಜಿನ ಲೋಟದ ಬಾಯಿಯ ಮೇಲೆ ಒದ್ದೆ ಬೆರಳು ಸುತ್ತಿಸಿದ್ದು, ಹೀಗೆ ಯಾರೋ ಗಂಟೆಗಟ್ಟಲೆ ಕೂತು ರೆಕಾರ್ಡ್ ಮಾಡಿ, ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್ ಸಾಫ್ಟ್‌ವೇರ್‌ನಲ್ಲಿ ಕೀಗಳಿಗೆ ಹಂಚಿಟ್ಟಿರುತ್ತಾರೆ. ಎಷ್ಟೋ ವಾದ್ಯಗಳಲ್ಲಿ ಒಂದೇ ಕೀ ಅಡಿಯಲ್ಲಿ ಹಲವು ಲೇಯರ್‌ಗಳಿರುತ್ತವೆ. ಕೀಬೋರ್ಡಿನ ಪಕ್ಕದ ಪುಟ್ಟ ಚಕ್ರವನ್ನು, ಅಂದರೆ ಮಾಡ್ ವೀಲನ್ನು, ಕೆಳತುದಿಯ 0ಯಿಂದ ಮೇಲ್ತುದಿಯ 127ಕ್ಕೆ ತಳ್ಳುತ್ತಾ ಹೋದರೆ ಪಿಸುಗುಡುತ್ತಿದ್ದದ್ದು ನಿಧಾನವಾಗಿ ಕೊರೆಯತೊಡಗುತ್ತದೆ. ಆ ದಾರಿಯಷ್ಟೂ ನಿಮಗಾಗಿಯೇ ಮಾಡಿಟ್ಟದ್ದು. ಅದನ್ನು ಮುಟ್ಟದೆ ಕೀ ಒತ್ತಿಟ್ಟು ಎದ್ದು ಹೋದರೆ ಹೇಗೆ?

1960ರ ದಶಕದ ಮೆಲೊಟ್ರಾನ್ ಎಂಬ ಕೀಬೋರ್ಡ್ ವಾದ್ಯದಲ್ಲಿ ಪ್ರತಿ ಕೀಗೂ ಒಂದೊಂದು ಟೇಪ್ ತುಂಡು ಇರುತ್ತಿತ್ತು. ಸುಮಾರು 8 ಸೆಕೆಂಡಿಗೆ ಟೇಪ್ ಮುಗಿದು ಸದ್ದು ನಿಂತುಹೋಗುತ್ತಿತ್ತು. ಹಾಗಾಗಿ ನುಡಿಸುವವರು ಬೆರಳೆತ್ತಿ ಮುಂದೇನು ಎಂದು ಯೋಚಿಸಲೇಬೇಕಿತ್ತು. ಈಗ ಸ್ಯಾಂಪಲ್ ಮುಗಿಯುವುದೇ ಇಲ್ಲ, ಯೋಚಿಸುವ ಒತ್ತಾಯವೂ ಇಲ್ಲ.

"ಅಯ್ಯೋ, ಪ್ಯಾಚ್ ತಾನಾಗೇ ಬದಲಾಗ್ತಾ ಇರತ್ತಲ್ಲ" ಎನ್ನುತ್ತಾರೆ. (ಪ್ಯಾಚ್ ಎಂದರೆ ವಾದ್ಯದಲ್ಲಿ ಹೊಂದಿಸಿಟ್ಟ ಸದ್ದು.) ಸರಿ, ಬದಲಾಗುತ್ತದೆ. ಮೂರು ಎಲ್‌ಎಫ್‌ಓಗಳನ್ನು (ಸದ್ದಿನ ಒಂದು ಗುಣವನ್ನು ತಾನಾಗೇ ನಿಧಾನಕ್ಕೆ ಏರಿಳಿಸುತ್ತಲೇ ಇರುವಂಥವು) ಸುತ್ತಿಗೆ 7, 11, 13 ಸೆಕೆಂಡಿನಂತೆ ಇಟ್ಟು ಒಂದನ್ನು ಸದ್ದಿನ ಹೊಳಪು ಬದಲಿಸುವ ಫಿಲ್ಟರ್‌ಗೆ, ಒಂದನ್ನು ಎಡಕ್ಕೆ-ಬಲಕ್ಕೆ ಸರಿಸುವ ಪ್ಯಾನ್‌ಗೆ, ಇನ್ನೊಂದನ್ನು ವಾಲ್ಯೂಮ್‌ಗೆ ಕಟ್ಟಿ ನೋಡಿ. ಮೂರೂ ಮತ್ತೆ ಒಟ್ಟಿಗೆ ಶುರುವಿಗೆ ಬರಲು 1001 ಸೆಕೆಂಡ್, ಅಂದರೆ 16 ನಿಮಿಷ 41 ಸೆಕೆಂಡ್ ಬೇಕು. ನಾನೂ ದಿನವೂ ಮಾಡುತ್ತೇನೆ, ಬಹಳ ಚಂದ. ಆದರೆ ಬಾಗಿಲು ಯಾವಾಗ ತೆರೆಯಿತು ಎನ್ನುವುದು ಎಲ್‌ಎಫ್‌ಓಗೆ ಗೊತ್ತಿರುವುದಿಲ್ಲ. ಅದು ಗೊತ್ತಿರಬೇಕಾದದ್ದು ನಿಮಗೆ.

ಆ ದೃಶ್ಯ ನನ್ನ ಕೈಗೆ ಬಂದಿದ್ದರೆ ಮೂರೇ ಲೇಯರ್ ಇಡುತ್ತಿದ್ದೆ. ತಳದಲ್ಲಿ, ಟೇಪ್ ನಿಧಾನ ಮಾಡಿದಂತೆ ಒಂದು ಆಕ್ಟೇವ್ (ಸ್ಥಾಯಿ) ಕೆಳಗಿಳಿಸಿದ ಲೋಹದ ಸದ್ದು. ಹಾಗೆ ಇಳಿಸಿದರೆ ಉದ್ದ ಎರಡರಷ್ಟಾಗುತ್ತದೆ, ಮೂಲದಲ್ಲಿ ಕೇಳದೇ ಹೋದ ಸಣ್ಣ ಕಂಪನಗಳೆಲ್ಲ ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ನಡುವೆ ಉಸಿರು. ಮೇಲೆ ಒಂದು ಗ್ರ್ಯಾನ್ಯುಲರ್ ಪದರ, ಅಂದರೆ ಸದ್ದನ್ನು ಗ್ರೇನ್ ಎಂಬ ಪುಟ್ಟ ಚೂರುಗಳಾಗಿ ಕತ್ತರಿಸಿ ನುಡಿಸುವಂಥದ್ದು: ಅವಳು ಬಾಗಿಲ ಹತ್ತಿರ ಬರುತ್ತಿದ್ದಂತೆ ಅದರ ಗ್ರೇನ್ 80 ಮಿಲಿಸೆಕೆಂಡಿನಿಂದ 20ಕ್ಕೆ ಕುಗ್ಗುತ್ತಾ ಸದ್ದು ಪುಡಿಪುಡಿಯಾಗಬೇಕು. ಬಾಗಿಲು ತೆರೆದ ಕ್ಷಣ ತಳದ ಲೇಯರನ್ನು ಪೂರ್ತಿ ತೆಗೆದುಬಿಡುತ್ತೇನೆ. ಹೊಸದೇನನ್ನೂ ಸೇರಿಸುವುದಿಲ್ಲ. ಹೋದ ಸದ್ದಿನ ರಿವರ್ಬ್ ಬಾಲ (ಮಾರ್ದನಿಯ ಕೊನೆ) ಮಾತ್ರ ಎರಡು-ಮೂರು ಸೆಕೆಂಡ್ ಉಳಿದು ಕರಗುತ್ತದೆ. ಕೋಣೆ ಖಾಲಿ ಎನ್ನುವುದು ಆಗ ಹೊಟ್ಟೆಗೇ ತಟ್ಟುತ್ತದೆ.

"ಹಾಗಾದರೆ ತಂಬೂರಿ? ಅದೂ ಒಂದೇ ಶ್ರುತಿಯಲ್ಲವಾ?" ಎಂದು ಗೆಳೆಯರೊಬ್ಬರು ಹಿಂದೊಮ್ಮೆ ವಾದಕ್ಕಿಳಿದಿದ್ದರು. ತಂಬೂರಿಯ ಹತ್ತಿರ ಕೂತು ಕೇಳಿದವರು ಹಾಗೆ ಹೇಳಲಾರರು. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲಿನಿಂದಾಗಿ ಪ್ರತಿ ಮೀಟಿಗೂ ಉಪಸ್ವರಗಳು ಒಂದೊಂದಾಗಿ ಅರಳುತ್ತವೆ, ಮೀಟುವ ಬೆರಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಾನು ಕೇಳುತ್ತಿರುವುದೂ ಆ ಬೆರಳನ್ನೇ.

ಇನ್ನು "ನೋಡುಗರಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ" ಎನ್ನುವ ಮಾತು. ಹೆಸರಿಟ್ಟು ಹೇಳಲು ಬರದೇ ಇರಬಹುದು, ಆದರೆ ಕೈ ಫೋನಿನ ಕಡೆ ಹೋಗುತ್ತದೆ. "ಟೈಮ್ ಎಲ್ಲಿದೆ" ಎನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಮೌಸ್‌ನಲ್ಲಿ ಗೆರೆ ಎಳೆಯುತ್ತಾ ಕೂರಬೇಡಿ. ದೃಶ್ಯ ಓಡಿಸಿ, ಕಣ್ಣು ಅವಳ ಮುಖದ ಮೇಲಿಟ್ಟು, ಮಾಡ್ ವೀಲ್ ತಿರುಗಿಸುತ್ತಾ ಆ ತಿರುಗಿಸಿದ್ದನ್ನೇ ಆಟೊಮೇಶನ್ ಆಗಿ ರೆಕಾರ್ಡ್ ಮಾಡಿ. ಕೈ ಸ್ವಲ್ಪ ನಡುಗಿದರೆ ನಡುಗಲಿ, ಅದನ್ನು ತಿದ್ದಲೂ ಹೋಗಬೇಡಿ. ಎರಡು ನಿಮಿಷದ ದೃಶ್ಯಕ್ಕೆ ಒಂದು ಪಾಸ್ (ಮೊದಲಿಂದ ಕೊನೆಯವರೆಗೆ ಒಂದು ಸುತ್ತು) ಎಂದರೆ ಎರಡೇ ನಿಮಿಷ, ಮೂರು ಲೇಯರ್‌ಗೆ ಆರು. ಎರಡೆರಡು ಸಲ ಮಾಡಿದರೂ ಪ್ರೀಸೆಟ್ (ಸಿದ್ಧ ಸದ್ದು) ಹುಡುಕುತ್ತಾ ಕಳೆಯುವ ಹೊತ್ತಿಗಿಂತ ಕಡಿಮೆಯೇ.