ಕಾಯೋದಲ್ಲ, ಮೊದಲು ಸ್ಯಾಂಪಲ್ ತೆಗೆಯೋದು ಮುಖ್ಯ

ಆಂಟಿಬಯಾಟಿಕ್ ಬಳಕೆ ಬಗ್ಗೆ ಒಂದು ಲೇಖನ ಓದಿದೆ. ಕಲ್ಚರ್ ರಿಪೋರ್ಟ್ (ರಕ್ತ, ಮೂತ್ರದ ಸ್ಯಾಂಪಲ್‌ನಲ್ಲಿ ಯಾವ ಕ್ರಿಮಿ ಬೆಳೆಯಿತು, ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ಲ್ಯಾಬ್ ಕೊಡುವ ವರದಿ) ಬರುವ ತನಕ ಆಂಟಿಬಯಾಟಿಕ್ ಕೊಡಲೇಬಾರದು ಅಂತ ಅದರಲ್ಲಿದೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸೆಪ್ಸಿಸ್ ಆಗಿ, ಅಂದರೆ ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗಗಳೇ ಕೆಡುವ ಹಂತಕ್ಕೆ ಬಂದು, ಬಿಪಿ ಇಳಿಯುತ್ತಿರುವವರನ್ನು ರಿಪೋರ್ಟ್‌ಗಾಗಿ ಎರಡು ಮೂರು ದಿನ ಸುಮ್ನೆ ಮಲಗಿಸಿಡೋಕಾಗುತ್ತಾ? ಒಂದು ಗಂಟೆಯೊಳಗೆ ಔಷಧಿ ಹೋಗಬೇಕು. ಎಡವಟ್ಟಾಗುವುದು ಮೊದಲ ಡೋಸ್‌ಗೆ ಮುಂಚೆ ಸ್ಯಾಂಪಲ್ ತೆಗೆಯದೇ ಇದ್ದಾಗ.

ಹೋದ ವರ್ಷ ನಮ್ಮಮ್ಮನಿಗೆ ಮೂತ್ರದ ಸೋಂಕು, ಚಳಿಜ್ವರ. ರಾತ್ರಿ ಅಡ್ಮಿಟ್ ಆದ ತಕ್ಷಣ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿದರು, ಮೂತ್ರ ಲ್ಯಾಬಿಗೆ ಹೋಗಿದ್ದು ಮಾರನೇ ದಿನ ಮಧ್ಯಾಹ್ನ. ರಿಪೋರ್ಟ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಬಂತು. ಔಷಧಿ ಒಳಗೆ ಹೋದ ಮೇಲೆ ಹೇಗೆ ಬೆಳೆಯಬೇಕು ಹೇಳಿ! ಮನೆಗೆ ಬಂದ ವಾರಕ್ಕೇ ಮತ್ತೆ ಜ್ವರ. ಈ ಸಲ ಬೇರೆ ಆಸ್ಪತ್ರೆ. ಅಲ್ಲಿನ ಸಿಸ್ಟರ್ ಇಂಜೆಕ್ಷನ್‌ಗೆ ಮುಂಚೆಯೇ ಎರಡೂ ಕೈಯಿಂದ ರಕ್ತ ತೆಗೆದು ಬಾಟಲಿಗೆ ತುಂಬಿದರು, ಮೂತ್ರವನ್ನೂ ಕಳಿಸಿದರು. ಮೂರನೇ ದಿನ ಹಾಳೆ ಕೈಗೆ ಬಂತು: ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ, ಸೆಫ್ಟ್ರಿಯಾಕ್ಸೋನ್ ಮುಂದೆ 'ಆರ್', ಅಮಿಕಾಸಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್ ಮುಂದೆ 'ಎಸ್'. ಆರ್ ಅಂದರೆ ಆ ಔಷಧಿಗೆ ಕ್ರಿಮಿ ಬಗ್ಗುವುದಿಲ್ಲ, ಎಸ್ ಅಂದರೆ ಬಗ್ಗುತ್ತದೆ. ಔಷಧಿ ಬದಲಾಯಿಸಿದ ಎರಡೇ ದಿನಕ್ಕೆ ಅಮ್ಮ ಗಂಜಿ ಬೇಡ, ಅನ್ನ ಸಾರು ಕೊಡು ಅಂದರು.

ಹಾಗಂತ ಬೆಳೆದದ್ದೆಲ್ಲ ಕಾಯಿಲೆಯೂ ಅಲ್ಲ. ತುಂಬಾ ದಿನದಿಂದ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ನಳಿಕೆ) ಇರುವವರ ಚೀಲದಿಂದ ಮೂತ್ರ ತೆಗೆದರೆ ಏನಾದರೊಂದು ಬೆಳೆದೇ ಬೆಳೆಯುತ್ತದೆ, ಜ್ವರ ಗಿರ ಏನೂ ಇಲ್ಲದಿದ್ದರೂ ಅದನ್ನು ನೋಡಿ ಮೆರೊಪೆನೆಮ್‌ನಂಥ ದೊಡ್ಡ ಔಷಧಿ ಶುರು ಮಾಡುವವರೂ ಇದ್ದಾರೆ. ಲೇಖನದಲ್ಲಿ ಆ ಮಾತೇ ಬಂದಿಲ್ಲ ಅಲ್ವಾ?